ಗೋಡೆ ಮೇಲಿನ ಪಾಸ್‌ವರ್ಡ್

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಬಂದ ಟೈಪಿಸ್ಟ್ ಒಂಬತ್ತೂವರೆಯೊಳಗೆ ನಾಲ್ಕು ಸಲ ಕುರ್ಚಿಯಿಂದ ಎದ್ದಿದ್ದಳು. ಒಮ್ಮೆ ಕಿಟಕಿ ತೆರೆಯಲು, ಒಮ್ಮೆ ಮುಚ್ಚಲು. ಇನ್ನೆರಡು ಸಲ ಯಾಕೆಂದು ಅವಳಿಗೇ ನೆನಪಿಲ್ಲ. ಹನ್ನೊಂದು ವರ್ಷ ಅವಳ ಚೀಲದಲ್ಲಿದ್ದ ಕಚೇರಿಯ ಕೀಲಿಕೈ ಈಗ ಅತ್ತಿಗೆಯ ಮೇಜಿನ ಮೇಲಿತ್ತು. ಅದನ್ನು ಒಪ್ಪಿಸಿ ಹೋಗು ಎಂದು ಅತ್ತಿಗೆ ಹಿಂದಿನ ಸಂಜೆ ಹೇಳಿದ್ದರು. ಒಪ್ಪಿಸಿದ್ದಳು. ಕೆಲಸ ಬಿಟ್ಟು ಹೋಗಿರಲಿಲ್ಲ.

ಅದು ಚಪ್ಪಲಿ ಅಂಗಡಿಯ ಮೇಲಿನ ಎರಡು ಕೋಣೆಗಳ ಕಚೇರಿ. ಕರಾರು, ಪ್ರಮಾಣಪತ್ರ, ಉಯಿಲು ಬರೆದುಕೊಡುವುದು ಕೆಲಸ. ಬಂದವರ ಮಾತು ಕೇಳಿ ಒಕ್ಕಣೆ ಹೇಳುವವರು ಅತ್ತಿಗೆ, ಟೈಪು ಮಾಡುವವಳು ಅವರ ನಾದಿನಿ. ಮುಂದಿನ ಕೋಣೆಯಲ್ಲಿ ಕಾಯುವವರಿಗೆ ಒಂದು ಬೆಂಚು. ಬೆಂಚಿನ ಮೇಲೆ, ಗೋಡೆಗೆ ಅಂಟಿಸಿದ ಹಾಳೆಯಲ್ಲಿ ದಪ್ಪಕ್ಷರದ ವೈಫೈ ಪಾಸ್‌ವರ್ಡ್. ಬಂದವರಿಗೆ ಮೊದಲು ಕುರ್ಚಿ ತೋರಿಸುವುದು, ಆಮೇಲೆ ಆ ಹಾಳೆ ತೋರಿಸುವುದು ಅತ್ತಿಗೆಯ ಮರ್ಯಾದೆಯ ಕ್ರಮ.

ಸೋಮವಾರ ಬಂದಿದ್ದವರು ನಿವೃತ್ತ ನರ್ಸಮ್ಮ. ಜೊತೆಗೆ ಬಂದ ತಂಗಿಯ ಮಗನನ್ನು ಬೆಂಚಿನ ಮೇಲೆ ಕೂರಿಸಿ, ಗಾಜಿನ ಬಾಗಿಲು ತಾವೇ ಎಳೆದುಕೊಂಡು ಉಯಿಲು ಹೇಳಿದ್ದರು. ತಮ್ಮ ಮನೆ ಮೂರು ವರ್ಷದಿಂದ ತಮ್ಮನ್ನು ನೋಡಿಕೊಂಡ ಪಕ್ಕದ ಮನೆಯವಳಿಗೆ ಸೇರಬೇಕು. ಮೊದಲ ಕರಡಿನಲ್ಲಿ ಮನೆ ನಂಬರು ನಲವತ್ತೊಂದರ ಬದಲು ಹದಿನಾಲ್ಕು ಎಂದು ಬಿದ್ದಿತ್ತು. ನರ್ಸಮ್ಮನೇ ಅದನ್ನು ಹಿಡಿದರು. ಆ ಹಾಳೆ ಅವರ ಕಣ್ಣೆದುರೇ ಕಾಗದ ಚೂರು ಮಾಡುವ ಯಂತ್ರಕ್ಕೆ ಹೋಯಿತು. ತಿದ್ದಿದ ಕರಡು ಓದಿ, ಗುರುವಾರ ಸಹಿ ಹಾಕುತ್ತೇನೆಂದು ಹೋದರು.

ಬುಧವಾರವೇ ತಿರುಗಿ ಬಂದರು. ಸ್ವಂತ ಮನೆ ನಂಬರೇ ಹೇಳಲಾಗದ ಮುದುಕಿಯ ಉಯಿಲು ಯಾವ ಕೋರ್ಟಿನಲ್ಲಿ ನಿಲ್ಲುತ್ತದೆ, ಹದಿನಾಲ್ಕಂತೆ ಹದಿನಾಲ್ಕು ಎಂದು ತಂಗಿಯ ಮಗ ಅವರ ಮನೆ ಬಾಗಿಲಲ್ಲಿ ನಿಂತು ಕೂಗಿದ್ದನಂತೆ. ಹದಿನಾಲ್ಕು ಎಂದಿದ್ದ ಹಾಳೆಯನ್ನು ನೋಡಿದವರು ಮೂರೇ ಜನ.

"ನಾಳೆ ಹನ್ನೆರಡಕ್ಕೆ ಬರ್ತೀನಿ" ಎಂದಿದ್ದರು ನರ್ಸಮ್ಮ. "ಇದು ಯಾರ ಕಡೆಯಿಂದ ಹೊರಗೆ ಹೋಯ್ತೋ, ಅವರು ನಾನು ಸಹಿ ಹಾಕುವಾಗ ಈ ಕೋಣೆಯಲ್ಲಿ ಇರಬಾರದು."

ಆ ಸೋಮವಾರ ತಂಗಿಯ ಮಗ ಮೆಟ್ಟಿಲ ಹತ್ತಿರ ನಾದಿನಿಯನ್ನು ಮಾತನಾಡಿಸಿದ್ದನ್ನು ಅತ್ತಿಗೆ ನೋಡಿದ್ದರು. ಅವನು ಕೇಳಿದ್ದು ಕುಡಿಯುವ ನೀರು ಎಲ್ಲಿದೆ ಎಂದು. ಅದನ್ನು ಅವಳು ಹೇಳಿದಾಗ ಅತ್ತಿಗೆ ಹೂಂ ಎಂದರು, ಅಷ್ಟೆ. ಅಣ್ಣನಿಗೆ ಫೋನ್ ಮಾಡಿದರೆ, ಅತ್ತಿಗೆ ನಾದಿನಿಯರ ನಡುವೆ ತಾನು ಬರುವುದಿಲ್ಲ ಎಂದು ಇಟ್ಟುಬಿಟ್ಟ. ರಾತ್ರಿಯೆಲ್ಲ ಹೊರಳಾಡಿ ಅವಳು ತೀರ್ಮಾನಿಸಿದ್ದು ಒಂದೇ: ತಾನು ಹೇಳಿಲ್ಲ, ನರ್ಸಮ್ಮ ಹೇಳಿಲ್ಲ, ಅತ್ತಿಗೆ ಹೇಳುವವರಲ್ಲ. ಹಾಗಾದರೆ ಕಾಗದವೇ ನಡೆದುಕೊಂಡು ಹೋಗಿರಬೇಕು, ಇಲ್ಲವೇ ಯಂತ್ರದಿಂದ ಸೋರಿರಬೇಕು. ಬೆಳಗಾಗುತ್ತಲೇ ವೈಫೈ ಹಾಕಿಕೊಟ್ಟವನಿಗೆ ಫೋನ್ ಮಾಡಿದಳು. ಸುತ್ತಲಿನ ಕಚೇರಿಗಳಲ್ಲೆಲ್ಲ ಅವನ ಅಡ್ಡಹೆಸರು ಸಿಗ್ನಲ್.

ಅವಳು ಐದನೇ ಸಲ ಎದ್ದಾಗ ಅತ್ತಿಗೆ ತಲೆಯೆತ್ತದೆ ಹೇಳಿದರು.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ಕೂತ್ಕೊಳ್ಳೆ ಒಂದು ಕಡೆ."

"ಇಲ್ಲಿ ಹೆಗಲು ಇರೋದು ನನಗೊಬ್ಬಳಿಗೇ ಅಲ್ಲ" ಎಂದಳು. ಹನ್ನೊಂದು ವರ್ಷದಲ್ಲಿ ಅತ್ತಿಗೆಗೆ ಎದುರಾಡಿದ್ದು ಅದೇ ಮೊದಲು.

ಸಿಗ್ನಲ್ ಬಂದಾಗ ಹತ್ತೂಕಾಲು. ಲ್ಯಾಪ್‌ಟಾಪ್ ತೆರೆದು, ಕಪಾಟಿನ ಮೇಲಿದ್ದ ರೂಟರನ್ನೂ ಮುಂದಿನ ಕೋಣೆಯ ಮೂಲೆಯಲ್ಲಿದ್ದ ಚಿಕ್ಕ ಪೆಟ್ಟಿಗೆಯನ್ನೂ ನೋಡಿದ. ಚಿಕ್ಕದು ರೂಟರಿನ ಸಿಗ್ನಲನ್ನು ಹಿಡಿದು ಮುಂದಕ್ಕೆ ಕಳಿಸುವಂಥದ್ದು. ಆಮೇಲೆ ಗೋಡೆಯ ಹಾಳೆ ನೋಡಿ ನಕ್ಕ.

ಮೂರು ವರ್ಷದ ಹಿಂದೆ ಹೇಳಿದ್ದನ್ನೇ ಅವನು ಮತ್ತೆ ಹೇಳಿದ. ವೈಫೈ ಎಂದರೆ ರೇಡಿಯೋ ಅಲೆ. ಗೋಡೆಗೂ ಕಿವಿ ಇರುತ್ತದೆ ಎನ್ನುತ್ತಾರಲ್ಲ, ಇದಕ್ಕೆ ಗೋಡೆಯೇ ಲೆಕ್ಕಕ್ಕಿಲ್ಲ. ಕೆಳಗಿನ ಚಪ್ಪಲಿ ಅಂಗಡಿಗೂ ಹೋಗುತ್ತದೆ, ರಸ್ತೆಗೂ ಹೋಗುತ್ತದೆ. ಆದ್ದರಿಂದಲೇ ಗಾಳಿಯಲ್ಲಿ ಹೋಗುವ ಮಾತನ್ನು ಗೂಢಲಿಪಿಯಲ್ಲಿ ಕಳಿಸುತ್ತಾರೆ. ಹೊರಗಿನವನಿಗೆ ಅದು ಅರ್ಥವಾಗದು. ಆದರೆ ಪಾಸ್‌ವರ್ಡ್ ಗೊತ್ತಿದ್ದವನು ಹೊರಗಿನವನಲ್ಲ, ಮನೆಯೊಳಗೆ ಬಂದವನು. ಅದಕ್ಕೇ ಒಂದೇ ರೂಟರಿನಲ್ಲಿ ಎರಡು ನೆಟ್‌ವರ್ಕ್ ಮಾಡಿಕೊಟ್ಟಿದ್ದ. ಒಂದು ಕೆಲಸದ್ದು, ಇನ್ನೊಂದು ಬೆಂಚಿನ ಮೇಲೆ ಕೂತವರದ್ದು. ಬೆಂಚಿನವರಿಗೆ ಇಂಟರ್ನೆಟ್ ಸಿಗಬೇಕು, ಕಚೇರಿಯ ಯಾವ ಯಂತ್ರವೂ ಕಾಣಬಾರದು.

"ಈಗ ಕೆಲಸದ ನೆಟ್‌ವರ್ಕಲ್ಲಿ ಯಾರಿದ್ದಾರೆ ಗೊತ್ತಾ?" ಎಂದು ಪರದೆ ತಿರುಗಿಸಿದ. "ಯಾರೂ ಇಲ್ಲ. ಖಾಲಿ ಮನೆ. ಕಂಪ್ಯೂಟರು, ಪ್ರಿಂಟರು ಎಲ್ಲಾ ಹೋಗಿ ಬೆಂಚಿನ ಮೇಲೆ ಕೂತಿವೆ."

ಅತ್ತಿಗೆ ಪೆನ್ನು ಕೆಳಗಿಟ್ಟರು.

ಎರಡು ತಿಂಗಳ ಹಿಂದೆ, ಸದ್ದು ಹೆಚ್ಚೆಂದು ಪ್ರಿಂಟರನ್ನು ಬೇರೆ ಮೂಲೆಗೆ ಸರಿಸಲಾಗಿತ್ತು. ಅಲ್ಲಿಗೆ ರೂಟರಿನ ಸಿಗ್ನಲ್ ಸರಿಯಾಗಿ ಮುಟ್ಟುತ್ತಿರಲಿಲ್ಲ. ಚಿಕ್ಕ ಪೆಟ್ಟಿಗೆಯದು ಮುಟ್ಟುತ್ತಿತ್ತು, ಆದರೆ ಅದು ಹರಡುತ್ತಿದ್ದುದು ಬೆಂಚಿನವರ ನೆಟ್‌ವರ್ಕ್ ಮಾತ್ರ. ಯಾರೋ ಪ್ರಿಂಟರನ್ನು ಅದಕ್ಕೇ ಸೇರಿಸಿದ್ದರು, ಅದರ ಜೊತೆಗೆ ಕಂಪ್ಯೂಟರನ್ನೂ. ಸೇರಿಸಿದರೂ ಮುದ್ರಣ ಆಗಿರಲಾರದು, ಯಾಕೆಂದರೆ ಅಲ್ಲಿ ಒಂದು ಯಂತ್ರಕ್ಕೆ ಇನ್ನೊಂದು ಕಾಣಬಾರದೆಂದು ಅವನೇ ರೂಟರಿನ ಸೆಟ್ಟಿಂಗಿನಲ್ಲಿ ಟಿಕ್ ಹಾಕಿದ್ದ. ಆ ಟಿಕ್ ತೆಗೆದಿದ್ದಾರೆ. ಯಾವತ್ತು ಎಂದು ರೂಟರಿನ ದಾಖಲೆಯಲ್ಲಿತ್ತು: ಒಂದು ಭಾನುವಾರ, ಮಧ್ಯಾಹ್ನ ಎರಡೂ ಇಪ್ಪತ್ತಕ್ಕೆ.

ಪ್ರಿಂಟರಿನದು ಇನ್ನೊಂದು ಕಥೆ. ಉಯಿಲು ಬರೆಸುವವರು ಬಾಗಿಲವರೆಗೆ ಹೋಗಿ ತಿರುಗಿ, ಇನ್ನೊಂದು ಕಾಪಿ ಕೊಡಿ ಎನ್ನುವುದು ಈ ಕಸುಬಿನಲ್ಲಿ ದಿನನಿತ್ಯದ ಮಾತು. ಅದಕ್ಕಾಗಿ ಕೊನೆಯ ಐವತ್ತು ಕಡತಗಳನ್ನು ನೆನಪಿಟ್ಟುಕೊಳ್ಳುವಂತೆ ಅದನ್ನು ಹೊಂದಿಸಲಾಗಿತ್ತು. ಆ ಕಡತಗಳ ಪುಟವನ್ನು ಅದೇ ನೆಟ್‌ವರ್ಕಿನಲ್ಲಿರುವ ಯಾವ ಫೋನಿನಿಂದಲೂ ತೆರೆಯಬಹುದು. ಅದಕ್ಕೆ ಪಾಸ್‌ವರ್ಡೇ ಇಟ್ಟಿರಲಿಲ್ಲ. ಕಾಗದ ಚೂರಾಗಿತ್ತು. ಕಡತ ಚೂರಾಗಿರಲಿಲ್ಲ.

ಸೋಮವಾರ ಹನ್ನೊಂದೂ ನಲವತ್ತಕ್ಕೆ ಮೊದಲ ಕರಡು ಮುದ್ರಣವಾಗಿತ್ತು. ಹನ್ನೊಂದೂ ಐವತ್ತೆಂಟಕ್ಕೆ ಅದೇ ಕಡತವನ್ನು ಒಂದು ಫೋನು ಇಳಿಸಿಕೊಂಡಿತ್ತು.

"ಯಾರ ಫೋನು?" ಟೈಪಿಸ್ಟ್ ಎದ್ದೇ ನಿಂತಿದ್ದಳು.

"ಯಾರದೂಂತ ಇದು ಹೇಳಲ್ಲಮ್ಮ. ನಿಮ್ಮಿಬ್ಬರದೂ ಅಲ್ಲ ಅಂತ ಹೇಳುತ್ತೆ. ನಿಮ್ಮಿಬ್ಬರ ಫೋನೂ ಇಲ್ಲೇ ಬೇರೆ ಸಾಲಲ್ಲಿವೆ, ನೋಡಿ."

ಉಳಿದದ್ದನ್ನು ಅವಳೇ ಮಾಡಿದಳು. ಬಂದವರು ಹೆಸರು, ಸಮಯ ಬರೆಯುವ ಪುಸ್ತಕ ತೆರೆದಳು. ಸೋಮವಾರ ಹನ್ನೊಂದೂ ಹತ್ತರಿಂದ ಹನ್ನೆರಡೂವರೆವರೆಗೆ ಬೆಂಚಿನ ಮೇಲಿದ್ದವನು ಒಬ್ಬನೇ. ಪುಸ್ತಕವನ್ನು ಅತ್ತಿಗೆಯ ಮುಂದೆ, ಕೀಲಿಕೈಯ ಪಕ್ಕದಲ್ಲಿ ಬಿಚ್ಚಿಟ್ಟಳು. ಆ ಭಾನುವಾರ ಪ್ರಿಂಟರ್ ಸರಿಸಲು ಬಂದವರು ಯಾರು ಎಂದು ಯಾರೂ ಕೇಳಲಿಲ್ಲ. ರೂಟರಿನ ಸೆಟ್ಟಿಂಗ್ ಬದಲಿಸುವ ಪಾಸ್‌ವರ್ಡ್ ಕಚೇರಿಯಲ್ಲಿ ಇದ್ದದ್ದು ಒಬ್ಬರ ಹತ್ತಿರ ಮಾತ್ರ.

ಈಗ ಎದ್ದವರು ಅತ್ತಿಗೆ. ಕಿಟಕಿ ತೆರೆದರು. ಮುಚ್ಚಿದರು. ಕಂಪನಿಯವರು ಇಂಥ ಯಂತ್ರವನ್ನು ಯಾಕೆ ಮಾರಬೇಕು ಎಂದರು. ಇಷ್ಟು ಜನರಿಗೆ ಪಾಸ್‌ವರ್ಡ್ ಕೊಟ್ಟರೂ ಯಾರೂ ಹೀಗೆ ಮಾಡಿರಲಿಲ್ಲ ಎಂದರು.

"ಮಾಡಿದ್ರೂ ನಿಮಗೆ ಗೊತ್ತಾಗ್ತಿರಲಿಲ್ಲ" ಎಂದ ಸಿಗ್ನಲ್.

ಹನ್ನೊಂದೂವರೆಯೊಳಗೆ ಅವನು ಕಂಪ್ಯೂಟರನ್ನು ಕೆಲಸದ ನೆಟ್‌ವರ್ಕಿಗೆ ತಂದು, ಪ್ರಿಂಟರಿಗೆ ಕೇಬಲ್ಲನ್ನೇ ಎಳೆದು, ಅದರ ನೆನಪನ್ನು ಅಳಿಸಿ, ಅದಕ್ಕೂ ಒಂದು ಪಾಸ್‌ವರ್ಡ್ ಇಟ್ಟ. ಅಳಿಸುವ ಮೊದಲೇ ಕಡತ ಇಳಿಸಿದ ದಾಖಲೆಯ ಪ್ರತಿ ತೆಗೆದುಕೊಟ್ಟಿದ್ದ, ವಕೀಲರಿಗೆ ಬೇಕಾದೀತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು ಎಂದು ತಾನೇ ಗೊಣಗಿಕೊಂಡ. ಎರಡು ನೆಟ್‌ವರ್ಕಿಗೂ ಹೊಸ ಪಾಸ್‌ವರ್ಡ್ ಬೇಕು, ಯಾರು ಹಾಕುತ್ತೀರಿ ಎಂದು ಕೀಬೋರ್ಡು ಮುಂದೆ ತಳ್ಳಿದ. ಅತ್ತಿಗೆ ನಾದಿನಿಯತ್ತ ನೋಡಿದರು. ಅವಳು ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡು ಟೈಪು ಮಾಡಿದಳು.

ನರ್ಸಮ್ಮ ಹನ್ನೆರಡಕ್ಕೆ ಎರಡು ನಿಮಿಷವಿರುವಾಗ ಬಂದರು. ಒಬ್ಬರೇ ಬಂದಿದ್ದರು. ಕೂರಲಿಲ್ಲ.

ಪ್ರಿಂಟರಿನಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾಗಿತ್ತು, ಕರಡು ವೈಫೈ ಮೂಲಕ ಸೋರಿತು, ಈಗ ಸರಿಯಾಗಿದೆ ಎಂದು ಅತ್ತಿಗೆ ಶುರುಮಾಡಿದರು. ನರ್ಸಮ್ಮ ಕೊನೆಯವರೆಗೆ ಕೇಳಿದರು.

"ವಾರ್ಡಲ್ಲಿ ತಪ್ಪು ಔಷಧಿ ಹೋದಾಗ, ಸಿರಿಂಜು ಕೊಡ್ತು ಅಂತ ನಾವು ಬರೀತಿರಲಿಲ್ಲ. ಕೈ ಯಾರದು ಅಂತ ಬರೀತಿದ್ವಿ. ಇದು ಯಾರ ಕೈ?"

ಟೈಪಿಸ್ಟ್ ತನ್ನ ಎರಡೂ ಕೈಗಳನ್ನು ಮೇಜಿನ ಕೆಳಗೆ ಒಂದರೊಳಗೊಂದು ಹಿಡಿದುಕೊಂಡಿದ್ದಳು. ಸಿಗ್ನಲ್ ವೈರು ಸುತ್ತುವುದನ್ನು ನಿಲ್ಲಿಸಿದ. ಅತ್ತಿಗೆ ಒಂದು ಸಲ ಪ್ರಿಂಟರ್ ನೋಡಿದರು, ಒಂದು ಸಲ ಗಡಿಯಾರ ನೋಡಿದರು.

"ನಂದು" ಎಂದರು. "ಪ್ರಿಂಟರ್ ಅಲ್ಲಿಗೆ ಸೇರಿಸಿದ್ದು ನಾನು. ಟಿಕ್ ತೆಗೆದಿದ್ದೂ ನಾನೇ. ನಿಮ್ಮ ಹುಡುಗನಿಗೆ ಗೋಡೆ ತೋರಿಸಿ ಪಾಸ್‌ವರ್ಡ್ ಹೇಳಿದ್ದೂ ನಾನು. ಇವಳದೇನೂ ಇಲ್ಲ."

ನರ್ಸಮ್ಮ ತಲೆಯಾಡಿಸಿದರು. ಮುಖದಲ್ಲಿ ಸಿಟ್ಟಿರಲಿಲ್ಲ. "ನಿನ್ನೆ ನಾನೊಂದು ಮಾತು ಹೇಳಿದ್ದೆ."

ಸಿಟ್ಟಿನಲ್ಲಿ ಆಡಿದ ಮಾತು ಎಂದು ಅವರು ಹಿಂತೆಗೆದುಕೊಳ್ಳುವುದನ್ನು ಅತ್ತಿಗೆ ಒಂದು ಕ್ಷಣ ಕಾದರು. ಅವರು ಹಿಂತೆಗೆದುಕೊಳ್ಳಲಿಲ್ಲ. ಅತ್ತಿಗೆ ಕೀಲಿಕೈಯನ್ನು ಮೇಜಿನುದ್ದಕ್ಕೂ ಸರಿಸಿ ನಾದಿನಿಯ ಮುಂದೆ ಬಿಟ್ಟು, ಮುಂದಿನ ಕೋಣೆಗೆ ಹೋಗಿ ಬೆಂಚಿನ ಮೇಲೆ ಕೂತರು. ಗಾಜಿನ ಬಾಗಿಲನ್ನು ನರ್ಸಮ್ಮನೇ ಎಳೆದುಕೊಂಡರು.

ಟೈಪಿಸ್ಟ್ ಮನೆ ನಂಬರನ್ನು ಗಟ್ಟಿಯಾಗಿ ಓದಿದಳು. ನಲವತ್ತೊಂದು. ಮುದ್ರಣಕ್ಕೆ ಕೊಟ್ಟಳು. ಹಾಳೆ ಹೊರಬರುವಷ್ಟರಲ್ಲಿ ಗಾಜಿನಾಚೆ ಅತ್ತಿಗೆ ಮೂರು ಸಲ ಎದ್ದು ಕೂತಿದ್ದರು. ನಾಲ್ಕನೇ ಸಲ ಫೋನು ಹಿಡಿದು, ಬೆಂಚಿನ ಮೇಲಿನ ಗೋಡೆಯತ್ತ ಅಭ್ಯಾಸಬಲದಿಂದ ತಿರುಗಿದರು. ಹಾಳೆ ಇದ್ದ ಕಡೆ ಬಣ್ಣ ಮಾಸದ ಒಂದು ಚೌಕ ಮಾತ್ರ ಉಳಿದಿತ್ತು.

ಗಾಜಿನ ಮೂಲಕ ಫೋನನ್ನು ಎತ್ತಿ ತೋರಿಸಿ, ಪಾಸ್‌ವರ್ಡ್ ಏನೆಂದು ಅವರು ಕೈಸನ್ನೆಯಲ್ಲಿ ಕೇಳಿದರು. ಟೈಪಿಸ್ಟ್ ನೋಡಿದಳು. ತಡೀರಿ ಎಂದು ಕೈ ತೋರಿಸಿ, ಸಹಿ ಹಾಕುವ ಜಾಗಕ್ಕೆ ಬೆರಳಿಟ್ಟು ಪೆನ್ನನ್ನು ನರ್ಸಮ್ಮನಿಗೆ ಕೊಟ್ಟಳು.