ಗಡಿಯಾರದವರ ಐದು ನಿಮಿಷ

ಬೇಕರಿಯವನು ಎರಡೂ ತೋಳಿಗೆ ಎರಡೆರಡು ಕುರ್ಚಿ ಸಿಕ್ಕಿಸಿಕೊಂಡು ಹಾಯಿದೋಣಿ ಕ್ಲಬ್ಬಿನ ದೋಣಿಮನೆಯೊಳಕ್ಕೆ ಬರುತ್ತಿದ್ದಾಗ ತೀರಿಕೊಂಡವರ ಮಗಳು ಅಡ್ಡ ಬಂದು ನಿಂತಳು.

"ಅಣ್ಣಾ, ಅದನ್ನ ಕೆಳಗಿಡಿ. ನಿಮ್ಮ ಹತ್ರ ಒಂದು ಮಾತು."

ಅವನು ಕುರ್ಚಿಗಳನ್ನು ಇಳಿಸಿದ. ಹಾಯಿದೋಣಿಗಳನ್ನೆಲ್ಲ ಗೋಡೆಯ ಬದಿಗೆ ಸರಿಸಿ, ನಡುವೆ ಎರಡು ಬೆಂಚುಗಳ ಮೇಲೆ ಪೆಟ್ಟಿಗೆ ಇಟ್ಟಿದ್ದರು. ಅದರೊಳಗೆ ಗಡಿಯಾರದವರು ಮಲಗಿದ್ದರು. ನಲವತ್ತು ವರ್ಷ ಊರಿನವರ ಗಡಿಯಾರ ರಿಪೇರಿ ಮಾಡಿದವರು. ಅದರಲ್ಲಿ ಇಪ್ಪತ್ತೆಂಟು ವರ್ಷ, ಪ್ರತಿ ಭಾನುವಾರ, ಈ ಕ್ಲಬ್ಬಿನ ರೇಸುಗಳಿಗೆ ಬಾವುಟ ಇಳಿಸಿ ದೋಣಿಗಳನ್ನು ಬಿಟ್ಟವರು.

"ಹನ್ನೊಂದಕ್ಕೆ ಸ್ಮಶಾನದ ಗಾಡಿ ಬರುತ್ತೆ. ಅದಕ್ಕೆ ಮುಂಚೆ ಮೂರು ಜನ ಮಾತಾಡ್ತಾರೆ. ಕಾರ್ಯದರ್ಶಿಗಳು, ನಮ್ಮ ಚಿಕ್ಕಪ್ಪ, ಆಮೇಲೆ ನೀವು."

"ನಾನಾ? ನನಗೆಲ್ಲಿ ಮಾತು ಬರುತ್ತಮ್ಮ, ಹಿಟ್ಟು ನಾದೋನಿಗೆ?"

"ಕ್ಲಬ್ಬಿನವರೆಲ್ಲ ಅಪ್ಪನ ಮೇಲೆ ತಿರುಗಿಬಿದ್ದ ದಿನ ನೀವೊಬ್ಬರೇ ಅವರ ಪರ ಕೈ ಎತ್ತಿದ್ರಂತಲ್ಲ! ಮನೇಲಿ ಎಷ್ಟು ಸಲ ಹೇಳಿದಾರೋ. 'ಯಾರು ಏನಂದ್ರೂ ಬೇಕರಿ ಹುಡುಗ ನನ್ನ ಕಡೆ ನಿಂತ' ಅಂತ. ನೀವಲ್ಲದೆ ಇನ್ಯಾರು ಮಾತಾಡ್ಬೇಕು?"

ಪಕ್ಕದಲ್ಲಿ ಹೂವು ಜೋಡಿಸುತ್ತಿದ್ದ ಬಡಗಿ ತಲೆಯೆತ್ತಿ ಬೇಕರಿಯವನ ಮುಖ ನೋಡಿದ. ನೋಡಿ, ಮತ್ತೆ ಹೂವಿನ ಮೇಲೆ ಬಗ್ಗಿದ. ಬಡಗಿಯೂ ಕ್ಲಬ್ಬಿನವನೇ. ಆ ದಿನ ಅವನೂ ಸಭೆಯಲ್ಲಿದ್ದ.

"ಆಯ್ತಮ್ಮ," ಎಂದ ಬೇಕರಿಯವನು.

*

ಕ್ಲಬ್ಬಿಗೆ ಸೇರಿದಾಗ ಅವನಿಗೆ ಇಪ್ಪತ್ತೆರಡು. ಇನ್ನೊಬ್ಬರ ಬೇಕರಿಯಲ್ಲಿ ಕೂಲಿ. ಭಾನುವಾರ ಕೊನೆಯ ತಟ್ಟೆ ಒಲೆಯಿಂದ ಇಳಿಯುವಾಗ ಒಂಬತ್ತೂಕಾಲು. ರೇಸು ಒಂಬತ್ತೂವರೆಗೆ. ಸೈಕಲ್ಲನ್ನು ಏದುಸಿರು ಬಿಟ್ಟುಕೊಂಡು ತುಳಿದರೂ ಐದು ನಿಮಿಷ ತಡವೇ.

ಸೈಕಲ್ಲನ್ನು ಬೇಲಿಗೆ ಒಗೆದು ಅವನು ಓಡಿಬರುವ ಹೊತ್ತಿಗೆ ಕಟ್ಟೆಯ ತುದಿಯಲ್ಲಿ ಗಡಿಯಾರದವರು ಬಾವುಟದ ಹಗ್ಗದ ಜೊತೆ ಗುದ್ದಾಡುತ್ತಿರುತ್ತಿದ್ದರು.

"ಹಾಳು ಹಗ್ಗ, ಸಿಕ್ಕಾಗಿ ಕೂತಿದೆ!"

ನೀರಿನ ಮೇಲಿದ್ದವರು ಕೂಗುತ್ತಿದ್ದರು: "ಊರಿನ ಗಡಿಯಾರನೆಲ್ಲ ಸರಿಮಾಡ್ತೀರಿ, ಒಂದು ಹಗ್ಗ ಬಿಡಿಸೋಕೆ ಬರಲ್ವಾ?"

"ಗಡಿಯಾರಕ್ಕೆ ಮುಳ್ಳಿದೆ ಸ್ವಾಮಿ, ಹಗ್ಗಕ್ಕೆ ಇರೋದು ಬರೀ ಹಟ!"

ಹುಡುಗನ ದೋಣಿ ನೀರಿಗೆ ತಾಕಿದ್ದೇ ತಡ, ಸಿಕ್ಕು ತಾನಾಗಿ ಬಿಡುತ್ತಿತ್ತು. ಒಮ್ಮೆ ಅವನು ಉಪಕಾರ ನೆನೆಯಲು ಹೋದಾಗ ಅವರು ಗದರಿದ್ದರು: "ಯಾವ ಉಪಕಾರನೋ? ಹಗ್ಗ ಸಿಕ್ಕಾಗಿತ್ತು ಅಂದೆನಲ್ಲ. ಹೋಗು, ಮೂತಿಗೆಲ್ಲ ಮೈದಾ ಮೆತ್ತಿದೆ, ತೊಳ್ಕೋ."

*

ಕಾರ್ಯದರ್ಶಿ ಕಾಗದ ನೋಡಿಕೊಂಡು ಓದಿದರು. ಶಿಸ್ತು, ಸೇವೆ, ತುಂಬಲಾರದ ನಷ್ಟ. ಚಿಕ್ಕಪ್ಪ, ಅಣ್ಣ ತನಗೆ ಈಜು ಕಲಿಸಿದ್ದನ್ನು ಹೇಳುತ್ತ ಅರ್ಧಕ್ಕೇ ಅತ್ತು ಕುಳಿತರು. ಬೇಕರಿಯವನ ಕಿವಿಗೆ ಯಾವುದೂ ಬೀಳಲಿಲ್ಲ.

*

ಆಮೇಲೆ ಅವನದೇ ಬೇಕರಿಯಾಯಿತು. ಒಲೆ ನೋಡಿಕೊಳ್ಳಲು ಇಬ್ಬರು ಬಂದರು. ಒಂಬತ್ತಕ್ಕೇ ಕ್ಲಬ್ಬಿನಲ್ಲಿರುತ್ತಿದ್ದ. ಎರಡು ವರ್ಷ ಕ್ಲಬ್ಬಿನ ಕಪ್ಪು ಗೆದ್ದ.

ಆ ಹೊತ್ತಿಗೆ ಕ್ಲಬ್ಬಿಗೆ ಒಬ್ಬಳು ನರ್ಸು ಸೇರಿದಳು. ರಾತ್ರಿಪಾಳಿ ಮುಗಿಸಿ, ಆಸ್ಪತ್ರೆಯ ಬಟ್ಟೆಯಲ್ಲೇ ಬಸ್ಸಿಳಿದು ಓಡಿಬರುತ್ತಿದ್ದಳು. ಹಗ್ಗ ಮತ್ತೆ ಸಿಕ್ಕಾಗತೊಡಗಿತು. ಆ ವರ್ಷದ ಕಪ್ಪಿನ ರೇಸಿನ ದಿನ ಐದು ನಿಮಿಷ ಹೋಗಿ ಹನ್ನೆರಡು ನಿಮಿಷವಾಯಿತು. ದೋಣಿಗಳು ಸರೋವರದ ನಡುವೆ ಇರುವಾಗ ಗಾಳಿ ನಿಂತಿತು. ಬೇಕರಿಯವನು ಮೂರನೆಯವನಾದ. ಕಪ್ಪು ಕೈತಪ್ಪಿತು.

ಮುಂದಿನ ವಾರದ ಸಭೆಯಲ್ಲಿ ಎದ್ದು ನಿಂತವನು ಅವನೇ. "ಟೈಮಿಗೆ ಬಂದೋರೇನು ಪೆದ್ದರಾ? ತಡವಾಗಿ ಬರೋರಿಗೋಸ್ಕರ ನಾವ್ಯಾಕೆ ನೀರಲ್ಲಿ ಕಾಯ್ಬೇಕು?"

ಮಾತಿನಲ್ಲಿ ತಪ್ಪಿರಲಿಲ್ಲ. ಇವತ್ತಿಗೂ ತಪ್ಪು ಅನ್ನಿಸುವುದಿಲ್ಲ. ಆದರೆ ಆ ಮಾತನ್ನು ಆಡಲು ಅಲ್ಲಿದ್ದವರಲ್ಲಿ ಯಾರಿಗೆ ಬೇಕಾದರೂ ಹಕ್ಕಿತ್ತು, ಅವನೊಬ್ಬನನ್ನು ಬಿಟ್ಟು.

ಗಡಿಯಾರದವರು ಕನ್ನಡಕ ತೆಗೆದು ಒರೆಸಿಕೊಂಡು, "ನೀನು ಹೇಳೋದು ಸರಿ ಕಣೋ," ಎಂದರು. ಅಷ್ಟೇ.

ಇನ್ನು ಮುಂದೆ ಯಾರಿಗೂ ಕಾಯಕೂಡದು ಅನ್ನುವವರು ಕೈ ಎತ್ತಿ ಎಂದರು ಕಾರ್ಯದರ್ಶಿ. ಬೇಕರಿಯವನ ಕೈ ಮೊದಲು ಎದ್ದಿತು. ಅದನ್ನು ನೋಡಿ ಬಡಗಿಯದು, ಆಮೇಲೆ ಉಳಿದೆಲ್ಲರದು. ಕಾಯಬೇಕು ಅನ್ನುವವರು? ಒಂದು ಕೈಯೂ ಇಲ್ಲ. ನರ್ಸು ಸಭೆಗೂ ತಡವಾಗಿಯೇ ಬಂದಳು. ಎಲ್ಲರೂ ನಕ್ಕರು, ಗಡಿಯಾರದವರೊಬ್ಬರು ನಗಲಿಲ್ಲ.

ಮರು ಭಾನುವಾರ ಬಾವುಟ ಸರಿಯಾಗಿ ಒಂಬತ್ತೂವರೆಗೆ ಇಳಿಯಿತು. ನರ್ಸು ಕಟ್ಟೆಯ ಮೇಲೆ ನಿಂತು ದೋಣಿಗಳು ಹೋಗುವುದನ್ನು ನೋಡಿದಳು. ನಾಲ್ಕು ವಾರ ಹಾಗೆ ನೋಡಿ ಬರುವುದನ್ನೇ ಬಿಟ್ಟಳು. ಮುಂದಿನ ವರ್ಷ ಗಡಿಯಾರದವರೂ ಬಿಟ್ಟರು, ಕಣ್ಣು ಮಂಜು ಅಂತ ನೆಪ ಹೇಳಿ.

ಬೇಕರಿಗೆ ಬರುವುದನ್ನು ಮಾತ್ರ ಬಿಡಲಿಲ್ಲ. ಸೋಮವಾರಗಳಂದು ಬ್ರೆಡ್ಡು ಒಯ್ಯುತ್ತಿದ್ದರು. ಸಭೆಯಾದ ವಾರ ಅವನು ಚೀಲಕ್ಕೆ ಸುಮ್ಮನೆ ಒಂದು ಬನ್ನು ಸೇರಿಸಿದ. ಅವರು ಅದನ್ನು ತೆಗೆದು ಗಾಜಿನ ಕಪಾಟಿನ ಮೇಲಿಟ್ಟರು.

"ಇದು ನಂದಲ್ಲ ನೋಡು, ಕೈತಪ್ಪಿ ಬಿದ್ದಿದೆ."

ಅದಾದ ಮೇಲೆ ಆರು ವರ್ಷ. ಅವರು ಬರುವುದು ಕಂಡರೆ ಸಾಕು, ಅವನು ಒಲೆ ನೋಡುವ ನೆಪದಲ್ಲಿ ಒಳಗೆ ಹೋಗುತ್ತಿದ್ದ.

*

"ಈಗ ಬೇಕರಿ ಅಣ್ಣ ಎರಡು ಮಾತಾಡ್ತಾರೆ," ಎಂದಳು ಮಗಳು.

ಅವನು ಪೆಟ್ಟಿಗೆಯ ಪಕ್ಕಕ್ಕೆ ಹೋಗಿ ನಿಂತ. ಎದುರಿಗೆ ಕ್ಲಬ್ಬಿನವರೆಲ್ಲ ಇದ್ದರು. ಒಬ್ಬನೂ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ. ಒಳ್ಳೆಯ ಮನುಷ್ಯರಾಗಿದ್ದರು ಎಂದು ಹೇಳಿ ಕುಳಿತುಬಿಟ್ಟರೆ ಮುಗಿಯುತ್ತಿತ್ತು. ಇವರಲ್ಲಿ ಯಾರು ಬಾಯಿಬಿಡುತ್ತಿದ್ದರು?

"ನಾನು ಅವರ ಪರ ಕೈ ಎತ್ತಲಿಲ್ಲ," ಎಂದ. "ಅವರ ವಿರುದ್ಧ ಮೊದಲು ಎದ್ದದ್ದೇ ನನ್ನ ಕೈ. ಅವರ ಪರ ಯಾರೂ ಎತ್ತಲಿಲ್ಲ. ಮನೇಲಿ ಯಾಕೆ ಹಾಗಂದ್ರೋ ನನಗೆ ಗೊತ್ತಿಲ್ಲ. ನನಗೋಸ್ಕರ ಎಷ್ಟು ಭಾನುವಾರ ಆ ಹಗ್ಗ ಬಿಡಿಸ್ತಾ ನಿಂತಿದ್ರು ಅನ್ನೋದು ಗೊತ್ತಿತ್ತು. ಗೊತ್ತಿದ್ದೂ ಎತ್ತಿದೆ."

ಕಾರ್ಯದರ್ಶಿ ತಮ್ಮ ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಮತ್ತೆ ಬಿಚ್ಚಿದರು. ಮಗಳ ಮುಖ ಕೆಂಪಾಗಿತ್ತು.

ಮೊದಲ ಸಾಲಿನಲ್ಲಿದ್ದ ಗಡಿಯಾರದವರ ಹೆಂಡತಿ ಮಗಳ ತೋಳು ಜಗ್ಗಿದರು. ಆಕೆಗೆ ಕಿವಿ ಮಂದ. "ಏನಂದ? ಬೇಕರಿ ಹುಡುಗ ಏನಂದ?"

ಮಗಳು ಬೇಕರಿಯವನನ್ನೇ ನೋಡಿದಳು. ಆಮೇಲೆ ತಾಯಿಯ ಕಿವಿಗೆ ಬಗ್ಗಿ, ದೋಣಿಮನೆಗೆಲ್ಲ ಕೇಳುವಷ್ಟು ಜೋರಾಗಿ ಹೇಳಿದಳು:

"ಅಪ್ಪನ್ನ ಮರೆಯೋಕಾಗಲ್ಲ ಅಂದ್ರಮ್ಮ!"

ಮುದುಕಿ ಕುರ್ಚಿ ಹಿಡಿದುಕೊಂಡು ಎದ್ದರು. ನಿಧಾನವಾಗಿ ಬಂದು, ಅವನ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದರು. "ನೀನೊಬ್ಬ ಇದ್ದೆಯಲ್ಲಪ್ಪ. ಅವರಿಗೆ ಅಷ್ಟೇ ಸಾಕಾಗಿತ್ತು."

ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ಬಡಗಿ ನೆಲ ನೋಡುತ್ತಿದ್ದ. ಬೇಕರಿಯವನು ಕೈ ಬಿಡಿಸಿಕೊಳ್ಳಲು ಮೆಲ್ಲಗೆ ಎಳೆದ, ಆಕೆ ಬಿಡಲಿಲ್ಲ. ಉಗುರುಸಂದಿಯಲ್ಲಿ ಹಿಟ್ಟು ಒಣಗಿದ್ದ ಆ ಕೈಯನ್ನು ಎತ್ತಿ, ತಮ್ಮ ಒದ್ದೆ ಕೆನ್ನೆಗೆ ಒತ್ತಿಕೊಂಡು ನಿಂತರು.