ಅಂದಾನಯ್ಯನ ಹೆಸರಿನ ಟ್ಯೂಬು

ಮೇಘನಳಿಗೆ ಅನುಮಾನ ಹತ್ತಿದ್ದು ಅಜ್ಜಿಯ ರಿಪೋರ್ಟಿನಿಂದ. ದೇವಲಾಪುರದ ಚಿಕ್ಕಬೋರಮ್ಮ ಇವತ್ತಿಗೂ ಎರಡು ಹಸು ಕರೆಯುವ ಗಟ್ಟಿ ಮುದುಕಿ. ಮೊಮ್ಮಗಳು ತರಬೇತಿಗೆ ಸೇರಿದ್ದಾಳೆಂದು ಶ್ರೀರಂಗಪಟ್ಟಣದ ಆ ಲ್ಯಾಬಿಗೇ ಬಂದು ರಕ್ತ ಕೊಟ್ಟಿದ್ದಳು. ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಎರಡು ಪಾಯಿಂಟ್ ಎರಡು, ಇರಬೇಕಾದ್ದರ ದುಪ್ಪಟ್ಟು. ಕಿಡ್ನಿ ಅರ್ಧ ಹೋಗಿದೆ, ಉಪ್ಪು ಬಿಡಿ, ಮೈಸೂರಿನ ದೊಡ್ಡಾಸ್ಪತ್ರೆಗೆ ಹೊರಡಿ ಅಂದರು ಡಾಕ್ಟರು.

"ಮೆಷಿನ್ನು ಸರಿಯಾಗೈತಾ ಸಾರ್?" ಎಂದು ಹಿರಿಯ ಟೆಕ್ನಿಷಿಯನ್ ಸಿದ್ದರಾಜುವನ್ನು ಕೇಳಿದಳು.

ಅವನು ಗೋಡೆಯ ಸರ್ಟಿಫಿಕೇಟು ತೋರಿಸಿದ. ಹೊರಗಿನ ಸಂಸ್ಥೆಯೊಂದು ಎಲ್ಲ ಲ್ಯಾಬುಗಳಿಗೂ ತಿಂಗಳಿಗೊಂದು ಸೀಸೆ ಕಳಿಸುತ್ತದೆ. ಅದರಲ್ಲಿ ಕ್ರಿಯಾಟಿನಿನ್ ಎಷ್ಟಿದೆಯೆಂದು ಅವರಿಗಷ್ಟೇ ಗೊತ್ತು. ಪರೀಕ್ಷೆ ಮಾಡಿ ಉತ್ತರ ಕಳಿಸಿದರೆ ಮಾರ್ಕ್ಸ್ ಕೊಡುತ್ತಾರೆ.

"ಅವ್ರೇ ಪಾಸ್ ಮಾಡವ್ರೆ. ನಿಂದೇನವ್ವ ಮಧ್ಯದಲ್ಲಿ?"

ಇವನು ಯಾರನ್ನೋ ಕೇಳಿ ಉತ್ತರ ಬರೆಯುತ್ತಾನೆ ಅಂದುಕೊಂಡಳು ಮೇಘನ. ಗುರುವಾರ ಸೀಸೆ ಬಂತು, ಅದರ ಹಿಂದೆಯೇ ನಾಗಮಂಗಲದ ಲ್ಯಾಬಿನ ಲೋಕೇಶನ ಫೋನೂ ಬಂತು. ಅವಳು ಕಿವಿ ನಿಮಿರಿಸಿ ನಿಂತಳು.

"ಏನ್ಲಾ ಲೋಕೇಶ, ಬೀಗರೂಟಕ್ಕೆ ನನ್ನೇ ಮರ್ತ್‌ಬುಟ್ಯಾ?" ಅಷ್ಟೇ ಮಾತು. ಸೀಸೆಯ ಸುದ್ದಿಯೇ ಇಲ್ಲ.

ಆದರೆ ಕಣ್ಣಿಗೆ ಬೇರೆಯದೇ ಬಿತ್ತು. ಸಿದ್ದರಾಜು ಮೆಷಿನ್ನು ತೊಳೆದ, ಊದುಬತ್ತಿ ಹಚ್ಚಿದ, ಫ್ರಿಜ್ಜಿನಿಂದ ಹೊಸ ರಾಸಾಯನಿಕದ ಬಾಟಲಿ ತೆಗೆದು ಅಳತೆ ಕೂರಿಸಿದ. ಸೀಸೆಯ ಪುಡಿ ಕರಗಿಸಿ ಮೂರು ಸಲ ಓಡಿಸಿದ. ಒಂದು ಪಾಯಿಂಟ್ ಎರಡು ಬಂತು. ಉತ್ತರ ಕಳಿಸಿದ ಮೇಲೆ ಹೊಸ ಬಾಟಲಿ ಫ್ರಿಜ್ಜಿಗೆ ಹೋಯಿತು, ತಿಂಗಳಿಂದ ತೆರೆದಿಟ್ಟ ಹಳೆಯದು ಮೆಷಿನ್ನಿಗೆ ಬಂತು.

"ಒಸದನ್ನೇ ಬುಡಬಾರದಾ ಸಾರ್?"

"ಅದು ಪರೀಕ್ಷೆಗೆ ಮೀಸಲು ಕಣವ್ವ. ದಿನದ ಕೆಲ್ಸಕ್ಕೆ ಇದೇ ಸಾಕು."

ಮೇಘನ ಸೀಸೆಯಲ್ಲಿ ಉಳಿದದ್ದನ್ನು ಫ್ರೀಜರಿನ ಮೂಲೆಯಲ್ಲಿ ಬಚ್ಚಿಟ್ಟಳು.

ಸೋಮವಾರ ಅದನ್ನು ಕರಗಿಸಿ ಟ್ಯೂಬಿಗೆ ಹಾಕಿ, 'ಅಂದಾನಯ್ಯ, ಅರವತ್ತು ವರ್ಷ' ಎಂದು ಬರೆದು ರೋಗಿಗಳ ಟ್ಯೂಬುಗಳ ಸಾಲಿನಲ್ಲಿ ನಿಲ್ಲಿಸಿದಳು.

"ಯಾರವ್ವ ಈ ಅಂದಾನಯ್ಯ?" ಸಿದ್ದರಾಜು ಪರದೆ ನೋಡಿ ಲೊಚಗುಟ್ಟಿದ. "ಎರಡು ಪಾಯಿಂಟ್ ಮೂರೈತೆ. ಪಾಪ, ಕಿಡ್ನಿ ಓಗೈತೆ."

"ಗುರುವಾರ ಅವ್ರಿಗೆ ಒಂದು ಪಾಯಿಂಟ್ ಎರಡಿತ್ತು ಸಾರ್. ನೀವೇ ಮೂರು ಸಲ ನೋಡಿದ್ರಿ."

ಖಾಲಿ ಸೀಸೆಯನ್ನು ಅವನ ಮುಂದಿಟ್ಟಳು. ಅವನು ಅದನ್ನು ನೋಡಿದ, ಹಳೆಯ ಬಾಟಲಿ ನೋಡಿದ.

"ನಂಗೇ ಬಲೆ ಆಕ್ದ್ಯಾ?"

"ನಿಮ್ಗಲ್ಲ ಸಾರ್. ಬಾಟ್ಲಿಗೆ."

ಬೈಯುತ್ತಾನೆಂದು ಕಾದಳು. ಅವನು ಎದ್ದು ಹೊಸ ಬಾಟಲಿ ತಂದ.

"ನಿಮ್ಮಜ್ಜಿ ಎಲ್ಲವ್ಳೆ?"

ಮೈಸೂರಿಗೆ ಹೊರಟು ಬ್ಯಾಗು ಹಿಡಿದು ಹೊರಗಿನ ಬೆಂಚಿನ ಮೇಲೇ ಕೂತಿದ್ದ ಚಿಕ್ಕಬೋರಮ್ಮ ಮತ್ತೊಮ್ಮೆ ಕೈ ಚಾಚಿದಳು. ಈ ಸಲ ಬಂದದ್ದು ಒಂದು ಪಾಯಿಂಟ್ ಸೊನ್ನೆ.

"ಚೆನ್ನಾಗೈತೆ ಅಜ್ಜಿ. ಕಿಡ್ನಿಗೇನೂ ಆಗಿಲ್ಲ" ಎಂದ ಸಿದ್ದರಾಜು.

"ಅಂಗಾದ್ರೆ ಒಂದು ವಾರ ನಂಗೆ ಉಪ್ಪಿಲ್ಲದ ಸಾರು ಉಣ್ಸಿದ್ದು ಯಾವನ್ಲಾ?"

ಸಿದ್ದರಾಜು ರಿಜಿಸ್ಟರು ಬಿಡಿಸಿ ಕಳೆದ ತಿಂಗಳಿಂದ ರಕ್ತ ಕೊಟ್ಟವರ ಫೋನ್ ನಂಬರು ಒಂದೊಂದಾಗಿ ಒತ್ತತೊಡಗಿದ.

ಮುದುಕಿ ಅವನನ್ನೇ ದಿಟ್ಟಿಸುತ್ತ ಇನ್ನೊಂದು ತೋಳಿನ ರವಿಕೆ ಮೇಲೆ ಸರಿಸಿದಳು.

"ಈ ಕೈಯಿಂದ್ಲೂ ತೆಗ್ದು ನೋಡ್ಲಾ. ನಿನ್ನ ಒಂದೇ ಮಾತಿಗೆ ನಾನು ಉಪ್ಪು ಮುಟ್ಟಾಕಿಲ್ಲ."