ಹಳದಿ ಬೆಳಕು ಮುಚ್ಚಿಟ್ಟ ಹಳದಿ

ನಮ್ಮ ಪಕ್ಕದ ಮನೆಯ ಪೇಂಟರ್‌ಗೆ ಬಣ್ಣದ ವಿಷಯದಲ್ಲಿ ಯಾರೂ ಬುದ್ಧಿ ಹೇಳುವಂತಿಲ್ಲ. ಹಸುಗೂಸಿನ ಜೊತೆ ಮಲಗುವ ಹೆಂಡತಿ, "ಈ ಬಿಳಿ ಎಲ್‌ಇಡಿ ಕಣ್ಣಿಗೆ ಚುಚ್ಚುತ್ತೆ, ನಿದ್ದೆನೇ ಹತ್ತಲ್ಲ" ಎಂದದ್ದೇ ತಡ, ಹಳದಿ ಬೆಳಕಿನ ಬಲ್ಬು ತಂದು ಹಾಕಿದ. ತಪ್ಪೇನಿಲ್ಲ, ಮಲಗುವ ಕೋಣೆಗೆ ಅದೇ ಹಿತ. ಆದರೆ ಮಗುವಿಗೆ ಗಾಳಿ ತಾಗೀತೆಂದು ಅವನ ತಾಯಿ ಕಿಟಕಿಯನ್ನೂ ಮುಚ್ಚಿಸಿದರು. ಹಗಲಿಗೂ ಆ ಬಲ್ಬೇ ಗತಿಯಾಯಿತು.

ಹೆಂಡತಿಗೆ ಮಾತ್ರ ಕೂತಲ್ಲಿ ಕೂರಲಾಗುತ್ತಿರಲಿಲ್ಲ. "ರೀ, ಪಾಪು ಸರಿಯಾಗಿ ಹಾಲು ಕುಡೀತಿಲ್ಲ. ಮೈ ಬಣ್ಣನೂ ಯಾಕೋ..."

"ಬಣ್ಣದ ಮಾತು ನನಗೆ ಬಿಡು. ಚಿನ್ನದಂಥ ಮಗಳು. ಇಲ್ಲದ್ದನ್ನೆಲ್ಲ ತಲೆಗೆ ಹಚ್ಕೋಬೇಡ."

"ಅತ್ತೆ, ಪಾಪು ಬರೀ ನಿದ್ದೆ ಮಾಡ್ತಾಳೆ."

"ಹಸುಗೂಸು ನಿದ್ದೆ ಮಾಡದೆ ಕಚೇರಿಗೆ ಹೋಗುತ್ತೇನಮ್ಮ?" ಅತ್ತೆ ನಕ್ಕರು.

ಅವಳು ನಗಲಿಲ್ಲ. ಅಂಗಾಲು ತಿಕ್ಕಿ ಮಗುವನ್ನು ಎಬ್ಬಿಸಿದಳು. ಒಂದು ಗುಟುಕು ಚೀಪಿ ಅದು ಮತ್ತೆ ಕಣ್ಣು ಮುಚ್ಚಿತು. ಬಾಗಿಲಿಗೆ ಬಂದು ನನ್ನನ್ನು ಕೂಗಿದಳು. "ಅಕ್ಕಾ, ಆರೋಗ್ಯ ಕೇಂದ್ರದ ನರ್ಸಮ್ಮನಿಗೆ ಫೋನ್ ಮಾಡ್ತೀರಾ? ಮನಸ್ಸು ತಡೀತಿಲ್ಲ."

ನರ್ಸಮ್ಮ ಬಂದವರೇ, "ಕಿಟಕಿ ತೆಗೀರಿ" ಎಂದರು.

"ಬಲ್ಬಿನ ಬೆಳಕು ಸಾಲದೇ?" ಎಂದ ಪೇಂಟರ್.

"ಗೋಡೆ ಬಣ್ಣ ಆರಿಸೋವಾಗ ಗಿರಾಕಿಗೆ ಏನು ಹೇಳ್ತೀಯಪ್ಪ?"

"ಬಲ್ಬಿನ ಕೆಳಗೆ ಆರಿಸ್ಬೇಡಿ, ಬಣ್ಣದ ಕಾರ್ಡನ್ನ ಕಿಟಕಿ ಹತ್ರ ಹಿಡಿದು ನೋಡಿ ಅಂತ..." ಎನ್ನುತ್ತಲೇ ಅವನೇ ಓಡಿಹೋಗಿ ಕಿಟಕಿ ತೆಗೆದ.

ನರ್ಸಮ್ಮ ಮಗುವನ್ನು ಕಿಟಕಿಯ ಬಳಿ ಹಿಡಿದು, ಹಣೆಯನ್ನು ಮೆಲ್ಲಗೆ ಒತ್ತಿ ಬಿಟ್ಟರು. ಒತ್ತಿದ ಜಾಗ ಹಳದಿ. ಎದೆ ಹಳದಿ. ಕಣ್ಣಿನ ಬಿಳಿಯೂ ಹಳದಿ.

"ಕಾಮಾಲೆ. ಈಗಲೇ ಆಸ್ಪತ್ರೆಗೆ ಹೊರಡಿ. ತಡ ಮಾಡಿದ್ರೆ ಮಿದುಳಿಗೆ ಪೆಟ್ಟು ಬೀಳಬಹುದು."

"ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರೆ," ಅತ್ತೆ ಹತ್ತಿರ ಬಂದು ಬಗ್ಗಿ ನೋಡಿದರು. "ನಮಗೆ ಹಳದೀನೇ ಕಾಣ್ಲಿಲ್ವಲ್ಲ. ಬಿಸಿಲಲ್ಲಿ ಮಲಗಿಸಿದ್ರೆ ಆಗಲ್ವಾ?"

"ಆಗಲ್ಲಮ್ಮ. ಇದಕ್ಕೆ ಬಿಸಿಲೂ ಅಲ್ಲ, ಮನೆ ಬಲ್ಬೂ ಅಲ್ಲ. ಬೇರೇ ದೀಪ ಇದೆ, ಆಸ್ಪತ್ರೇಲಿ."

ಅಲ್ಲಿ ಮಗುವಿನ ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ದೀಪದಡಿ ಮಲಗಿಸಿದರು. ಪೇಂಟರ್ ಕಾರಿಡಾರಿನ ಆ ತುದಿಯಿಂದ ಈ ತುದಿಗೆ ತಿರುಗುತ್ತಲೇ ಇದ್ದ. ಮಾರನೆಯ ದಿನ ಒಳಗಿನಿಂದ ಅಳು ಕೇಳಿತು. ಹಸಿದ, ಗಟ್ಟಿ ಅಳು. ಅವನು ಗೋಡೆಗೆ ಒರಗಿ ತಾನೂ ಅತ್ತುಬಿಟ್ಟ.

ಈಗ ಮಗು ಮನೆಗೆ ಬಂದಿದೆ. ಹಳದಿ ಬಲ್ಬು ಅಲ್ಲೇ ಇದೆ, ಕಿಟಕಿ ಮಾತ್ರ ತೆರೆದಿದೆ. ಬೆಳಗಾದರೆ ಅತ್ತೆಯೇ ಮೊಮ್ಮಗಳನ್ನು ಅಲ್ಲಿಗೆ ಎತ್ತಿ ತಂದು, "ತಗೋಪ್ಪ ಪೇಂಟರ್, ನಿನ್ನ ಕಾರ್ಡು ನೋಡ್ಕೋ" ಎಂದು ಮಗನ ಕೈಗೆ ಕೊಡುತ್ತಾರೆ.

ನೀವೂ ಎಲ್‌ಇಡಿ ಕೊಳ್ಳುವಾಗ ಮಲಗುವ ಕೋಣೆಗೆ ಹಳದಿ ಬೆಳಕಿನದನ್ನು ಆಯ್ದುಕೊಳ್ಳಿ, ಓದುವ, ಹೊಲಿಯುವ ಜಾಗಕ್ಕೆ ಬಿಳಿ ಹಾಕಿ. ಆದರೆ ಮೈಬಣ್ಣ ನೋಡಲು ಯಾವ ಬಲ್ಬನ್ನೂ ನಂಬಬೇಡಿ. ಹಸುಗೂಸಿನ ಮೈ, ಕಣ್ಣನ್ನು ದಿನವೂ ಹಗಲ ಬೆಳಕಲ್ಲಿ ನೋಡಿ. ಹಳದಿ ಕಂಡರೆ, ಹಾಲು ಬಿಟ್ಟರೆ, ನಾಳೆ ನೋಡೋಣ ಎನ್ನಬೇಡಿ, ಆಸ್ಪತ್ರೆಗೆ ಹೊರಡಿ. ನಿಮ್ಮ ಮನೆಯಲ್ಲೂ ಪುಟ್ಟ ಕೂಸಿದೆಯೇ? ಈ ಕಾಗದ ಕೆಳಗಿಟ್ಟು ಮೊದಲು ಕಿಟಕಿ ತೆಗೆಯಿರಿ.